340 ಪುಟ, ಒಂದು ಟಿಕ್ ಗುರುತು: ವೆಬ್‌ಸೈಟ್ ಸಾಗಿಸಿದ ಕಥೆ

ಶನಿವಾರ ಬೆಳಗ್ಗೆ ಆರು ಗಂಟೆಗೆ ಕೆರೆ ಏರಿಯ ಮೇಲೆ ಹನ್ನೆರಡು ಜನ ಬೈನಾಕ್ಯುಲರ್ ಹಿಡಿದು ನಿಂತಿದ್ದೆವು. ಕರೆದುಕೊಂಡು ಹೋಗಬೇಕಾದವರು ಬರಲೇ ಇಲ್ಲ. ಫೋನ್ ಮಾಡಿದರೆ, "ಅಯ್ಯೋ, ಭಾನುವಾರಕ್ಕೆ ಬದಲಾಯಿತಲ್ಲ, ಗೊತ್ತಾಗ್ಲಿಲ್ವಾ?" ಅಂದರು. ವೆಬ್‌ಸೈಟಿನಲ್ಲಿ ಶನಿವಾರ ಅಂತಲೇ ಇತ್ತು. ಅದನ್ನು ತಿದ್ದಲು ಗೊತ್ತಿದ್ದ ಒಬ್ಬನೇ ಒಬ್ಬ ಗೆಳೆಯ ಆ ವಾರ ಪ್ರಯಾಣದಲ್ಲಿದ್ದ.

ನಮ್ಮ ಹಕ್ಕಿ ನೋಡುವವರ ಗುಂಪಿನ ವೆಬ್‌ಸೈಟನ್ನು ಸಿಎಂಎಸ್‌ಗೆ, ಅಂದರೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂಗೆ ಸಾಗಿಸಬೇಕು ಅನ್ನಿಸಿದ್ದು ಆ ಏರಿಯ ಮೇಲೆ. ಮೂರು ವಾರದ ಕೆಲಸ ಅಂದುಕೊಂಡು ಕೈಹಾಕಿದೆ. ನಾಲ್ಕು ತಿಂಗಳು ಹಿಡಿಯಿತು. ಹೋದ ವಾರ ಮುಗಿದಿದೆ. ಎಲ್ಲೆಲ್ಲಿ ಎಡವಿದೆ ಅನ್ನುವುದು ಮರೆತುಹೋಗುವ ಮುಂಚೆ ಬರೆದಿಡುತ್ತಿದ್ದೇನೆ. ನಾನು ಕಂಪ್ಯೂಟರ್ ಓದಿದವನಲ್ಲ. ಹಾಗಾಗಿ ನನ್ನಂಥವರಿಗೇ ಇದು ಜಾಸ್ತಿ ಉಪಯೋಗಕ್ಕೆ ಬರಬಹುದು.

ಹಳೆಯ ಸೈಟು ಹೇಗಿತ್ತು ಅಂತ ಮೊದಲು ಹೇಳಬೇಕು. ಗೆಳೆಯ ಹತ್ತು ವರ್ಷದಿಂದ ಒಂದೊಂದು ಪುಟವನ್ನೂ ಕೈಯಾರೆ ಎಚ್‌ಟಿಎಂಎಲ್ ಅನ್ನುವ ವೆಬ್ ಪುಟದ ಸಂಕೇತ ಭಾಷೆಯಲ್ಲಿ ಬರೆದು, ಫೈಲು ಸಾಗಿಸುವ ಎಫ್‌ಟಿಪಿಯಲ್ಲಿ ಸರ್ವರಿಗೆ ಏರಿಸುತ್ತಿದ್ದ. ಒಟ್ಟು 340 ಫೈಲು. ಮೇಲಿನ ಮೆನು ಆ ಅಷ್ಟೂ ಫೈಲುಗಳ ಒಳಗೆ ಬೇರೆ ಬೇರೆಯಾಗಿ ಕೂತಿತ್ತು. ಮೆನುವಿಗೆ ಒಂದು ಪದ ಸೇರಿಸಬೇಕಾದರೆ 340 ಫೈಲು ತಿದ್ದಬೇಕು. ಒಮ್ಮೆ ಹಾಗೆ ತಿದ್ದುವಾಗ ಮೂವತ್ತು ಫೈಲು ಬಿಟ್ಟುಹೋಗಿ, ಕೆಲವು ಪುಟಗಳಲ್ಲಿ ಹಳೆಯ ಮೆನು, ಕೆಲವದರಲ್ಲಿ ಹೊಸದು. ಪುಟದ ಬುಡದಲ್ಲಿ ಮಾತ್ರ ಎಲ್ಲ ಕಡೆ 2017 ಅಂತಲೇ ಉಳಿದಿತ್ತು.

ಸಿಎಂಎಸ್ ಮಾಡುವುದು ಇದರ ಉಲ್ಟಾ. ಬರಹ ಒಂದು ಡೇಟಾಬೇಸಿನಲ್ಲಿ ಇರುತ್ತದೆ. ಪುಟದ ಅಂದಚಂದ ಥೀಮ್ ಅನ್ನುವ ಬೇರೆ ಕಡೆ ಇರುತ್ತದೆ. ಯಾರಾದರೂ ಪುಟ ತೆರೆದಾಗ ಎರಡೂ ಅಲ್ಲೇ ಕೂಡಿಕೊಂಡು ಪುಟವಾಗುತ್ತದೆ. ಮೆನು ಒಂದೇ ಕಡೆ ಇರುವುದರಿಂದ ಒಮ್ಮೆ ತಿದ್ದಿದರೆ ಸಾಕು. ಬರೆಯುವವರಿಗೆ ಎಚ್‌ಟಿಎಂಎಲ್ ಗೊತ್ತಿರಬೇಕಿಲ್ಲ, ಬರೆಯಲು ಬಂದರೆ ಸಾಕು. ಈ ಒಂದು ವಿಷಯ ಮನಸ್ಸಿಗೆ ಹತ್ತಿದ ಮೇಲೆ ಮುಂದಿನ ಎಷ್ಟೋ ಗೊಂದಲ ತಾನಾಗಿ ಬಿಡಿಸಿಕೊಂಡಿತು. ಹತ್ತದೇ ಇದ್ದಾಗ ಆದ ಅನಾಹುತವನ್ನೂ ಮುಂದೆ ಹೇಳುತ್ತೇನೆ.

ಯಾವ ಸಿಎಂಎಸ್ ಅನ್ನುವುದಕ್ಕೇ ಎರಡು ವಾರ ಹೋಯಿತು. ಡ್ರೂಪಲ್ 2001ರಿಂದ ಇದೆ. ಬಗೆಬಗೆಯ ಮಾಹಿತಿ, ಬಗೆಬಗೆಯ ಅನುಮತಿ ಬೇಕಾದ ದೊಡ್ಡ ಸೈಟಿಗೆ ಗಟ್ಟಿ, ಆದರೆ ಬಲ್ಲವರು ಜೊತೆಗಿರಬೇಕು. ಜೂಮ್ಲಾ 2005ರಲ್ಲಿ ಮ್ಯಾಂಬೋ ಎಂಬ ಹಳೆಯ ಸಿಎಂಎಸ್‌ನಿಂದ ಕವಲೊಡೆದದ್ದು. ವರ್ಡ್‌ಪ್ರೆಸ್ 2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಶುರು ಮಾಡಿದ್ದು, ಈಗ ಜಗತ್ತಿನ ವೆಬ್‌ಸೈಟುಗಳಲ್ಲಿ ಶೇಕಡ 40ಕ್ಕೂ ಹೆಚ್ಚು ಅದರ ಮೇಲೆಯೇ ನಡೆಯುತ್ತಿವೆ. ನಾನು ಅದನ್ನು ಆರಿಸಿದ್ದಕ್ಕೆ ಕಾರಣ ಇಷ್ಟೇ: ಸಿಕ್ಕಿಬಿದ್ದಾಗ ಕೇಳಲು ಜನ ಸಿಗುತ್ತಾರೆ. ಬೇರೆಯವು ಕಡಿಮೆ ಅಂತಲ್ಲ.

ಆಮೇಲೆ ಇನ್ನೊಂದು ಗೊಂದಲ. ವರ್ಡ್‌ಪ್ರೆಸ್ ಡಾಟ್ ಕಾಂ, ವರ್ಡ್‌ಪ್ರೆಸ್ ಡಾಟ್ ಆರ್ಗ್ ಅಂತ ಎರಡಿವೆ. ಮೊದಲನೆಯದು ಸೇವೆ. ಖಾತೆ ತೆರೆದರೆ ಸೈಟು ಇಡುವ ಜಾಗವನ್ನು ಅವರೇ ಕೊಟ್ಟು ನೋಡಿಕೊಳ್ಳುತ್ತಾರೆ. ಎರಡನೆಯದರಿಂದ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಜಾಗ ನೀವೇ ಬಾಡಿಗೆಗೆ ಹಿಡಿಯಬೇಕು. ನಾನು ಒಂದರಲ್ಲಿ ಖಾತೆ ತೆರೆದು ಇನ್ನೊಂದರ ಪಾಠದ ವಿಡಿಯೋ ನೋಡುತ್ತಾ, "ಇವರು ತೋರಿಸುವ ಬಟನ್ ನನಗೆ ಯಾಕೆ ಕಾಣ್ತಿಲ್ಲ" ಅಂತ ನಾಲ್ಕು ರಾತ್ರಿ ಹುಡುಕಿದೆ. ಕೊನೆಗೆ ಎರಡನೆಯ ದಾರಿ ಹಿಡಿದೆ.

ನಿಜವಾದ ಪರೀಕ್ಷೆ ಅಲ್ಲಿಂದ ಮುಂದೆ. ಡೊಮೇನ್, ಅಂದರೆ ನಮ್ಮ ಸೈಟಿನ ಹೆಸರು, ಯಾರ ಖಾತೆಯಲ್ಲಿದೆ ಅಂತ ಕೇಳಿದೆ. ಗೆಳೆಯನಿಗೂ ಸರಿಯಾಗಿ ಗೊತ್ತಿಲ್ಲ. ವಿಚಾರಿಸುತ್ತಾ ಹೋದರೆ, ಗುಂಪು ಬಿಟ್ಟು ಹೋದ ಹಳೆಯ ಸದಸ್ಯರೊಬ್ಬರ ಹೆಸರಿನಲ್ಲಿತ್ತು. ಖಾತೆಗೆ ಕೊಟ್ಟಿದ್ದ ಇಮೇಲ್ ಅವರು ಯಾವಾಗಲೋ ಬಿಟ್ಟ ಆಫೀಸಿನದು. ಪಾಸ್‌ವರ್ಡ್ ಮರೆತಿದೆ ಅಂತ ಒತ್ತಿದರೆ ಲಿಂಕು ಆ ಸತ್ತ ಇಮೇಲಿಗೇ ಹೋಗುತ್ತದೆ.

ಡೊಮೇನ್ ಕಂಪನಿಗೆ ಬರೆದೆ. ಹಳೆಯ ಸದಸ್ಯರ ಗುರುತಿನ ಚೀಟಿ, ಅವರ ಸಹಿ ಇರುವ ಪತ್ರ, ಹಿಂದೆ ಹಣ ಕಟ್ಟಿದ ಯಾವುದಾದರೂ ರಸೀದಿ, ಈ ಮೂರೂ ಬೇಕು ಅಂದರು. ಪುಣ್ಯಕ್ಕೆ ಆ ಸದಸ್ಯರು ಒಳ್ಳೆಯವರು, ಮೊದಲೆರಡನ್ನು ಅವತ್ತೇ ಕೊಟ್ಟರು. ರಸೀದಿ ಮಾತ್ರ ಸಿಗಲಿಲ್ಲ. ಬ್ಯಾಂಕಿನ ಹಳೆಯ ಲೆಕ್ಕ ತೆಗೆಸಿ ಕಳಿಸಿದೆವು. "ಚಿತ್ರ ಸ್ಪಷ್ಟವಾಗಿಲ್ಲ" ಅಂತ ಒಮ್ಮೆ ವಾಪಸ್ ಬಂತು. ಒಟ್ಟು 19 ದಿನ. ದಿನಕ್ಕೆ ಹತ್ತು ಸಲ ಇಮೇಲ್ ನೋಡುವ ಚಟ ಅಂಟಿಕೊಂಡಿದ್ದು ಆಗಲೇ.

ಖಾತೆ ಕೈಗೆ ಬಂತು, ಮಾಲೀಕರ ಹೆಸರು ಬದಲಾಯಿಸಿದೆ. ತಕ್ಷಣ ಒಂದು ಸಂದೇಶ: ಇನ್ನು 60 ದಿನ ಈ ಡೊಮೇನನ್ನು ಬೇರೆ ಕಂಪನಿಗೆ ವರ್ಗಾಯಿಸಲು ಆಗದು. ನನ್ನ ಎದೆ ಧಸಕ್ಕೆಂದಿತು. ಎರಡು ತಿಂಗಳು ಕೆಲಸ ನಿಂತಿತು ಅಂದುಕೊಂಡೆ. ಸುಮ್ನೆ ಹೆದರಿದ್ದು. ಹೆಸರು ಒಂದು ಕಂಪನಿಯಲ್ಲಿ, ಜಾಗ ಇನ್ನೊಂದು ಕಂಪನಿಯಲ್ಲಿ ಇದ್ದರೆ ಏನೂ ತೊಂದರೆಯಿಲ್ಲ. ಹೆಸರು ಹೊಸ ಜಾಗವನ್ನು ತೋರಿಸುವ ಹಾಗೆ ನೇಮ್‌ಸರ್ವರ್ ಬದಲಾಯಿಸಿದರೆ ಆಯಿತು. ಅದಕ್ಕೆ ಈ 60 ದಿನದ ಲಾಕ್ ಅಡ್ಡ ಬರುವುದಿಲ್ಲ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ನೀವು ಸಿಎಂಎಸ್ ಬಗ್ಗೆ ಓದಲು ಶುರು ಮಾಡುವ ಮುಂಚೆಯೇ ಡೊಮೇನ್ ಖಾತೆ ಯಾರ ಇಮೇಲಿನಲ್ಲಿದೆ ಅಂತ ನೋಡಿಕೊಂಡುಬಿಡಿ.

ಖರ್ಚಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ವರ್ಡ್‌ಪ್ರೆಸ್‌ಗೆ ಹಣ ಇಲ್ಲ. ಡೊಮೇನಿಗೆ ವರ್ಷ ವರ್ಷ ಕಟ್ಟಬೇಕು, ಹೋಸ್ಟಿಂಗ್ ಜಾಗಕ್ಕೂ ಕಟ್ಟಬೇಕು. ಹೋಸ್ಟಿಂಗ್‌ನವರು ದೊಡ್ಡ ಅಕ್ಷರದಲ್ಲಿ ತೋರಿಸುವುದು ಮೊದಲ ವರ್ಷದ ದರ. ಎರಡನೇ ವರ್ಷದ ದರ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನೇ ಓದಿ. ಬ್ರೌಸರಿನಲ್ಲಿ ಸೈಟು ಸುರಕ್ಷಿತ ಅಂತ ಕಾಣಿಸಲು ಬೇಕಾದ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಎಷ್ಟೋ ಹೋಸ್ಟಿಂಗ್‌ಗಳಲ್ಲಿ ಅದು ಒಂದು ಬಟನ್ ಒತ್ತಿದರೆ ಸಿಗುತ್ತದೆ. ನಾನು ನೋಡದೆ ಬೇರೆಯದಕ್ಕೆ ದುಡ್ಡು ಕೊಟ್ಟೆ. ಒಂದು ಥೀಮ್ ಕೂಡ ಕೊಂಡೆ. ಅದರ ಮಾದರಿ ಪುಟದಲ್ಲಿ ಇದ್ದ ಫೋಟೋಗಳು ಚಂದ ಇದ್ದವು ಅಷ್ಟೇ, ನಮ್ಮ ಫೋಟೋ ಹಾಕಿದ ಮೇಲೆ ಅದು ನಮ್ಮ ಹಳೆಯ ಸೈಟಿನ ಹಾಗೇ ಕಂಡಿತು. ಕೊನೆಗೆ ವರ್ಡ್‌ಪ್ರೆಸ್ ಜೊತೆ ಬರುವ ಉಚಿತ ಥೀಮನ್ನೇ ಇಟ್ಟುಕೊಂಡಿದ್ದೇವೆ.

ವರ್ಡ್‌ಪ್ರೆಸ್ ಹಾಕುವ ಕೆಲಸ? ಐದು ನಿಮಿಷ. ಅದರ ಬಗ್ಗೆ ಹೇಳಲು ಏನೂ ಇಲ್ಲ.

ಬರಹ ಸಾಗಿಸುವ ಕೆಲಸ ಐದು ವಾರ ತಿಂದಿತು. ಮೊದಲ ದಿನ ಹಳೆಯ ಪುಟದಿಂದ ಮಿಂಚುಳ್ಳಿಯ ಮೇಲಿನ ಲೇಖನವೊಂದನ್ನು ಕಾಪಿ ಮಾಡಿ ಹೊಸ ಜಾಗದಲ್ಲಿ ಪೇಸ್ಟ್ ಮಾಡಿದೆ. ಒಂದೂ ಕನ್ನಡ ಅಕ್ಷರವಿಲ್ಲ. ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ವಿಚಿತ್ರ ಇಂಗ್ಲಿಷ್ ಅಕ್ಷರಗಳ ಸಾಲು. ನಾನು ಏನೋ ಕೆಡಿಸಿದೆ ಅಂದುಕೊಂಡೆ. ಕೆಡಿಸಿದ್ದಲ್ಲ, ಅದು ಮೊದಲಿನಿಂದಲೂ ಹಾಗೇ ಇತ್ತು. ಹಳೆಯ ಲೇಖನಗಳೆಲ್ಲ ಆನ್ಸಿ ಫಾಂಟಿನಲ್ಲಿ ಟೈಪ್ ಆಗಿದ್ದವು. ಆ ಫಾಂಟುಗಳಲ್ಲಿ ಕಂಪ್ಯೂಟರಿನ ಪಾಲಿಗೆ ಒಳಗೆ ಇರುವುದು ಇಂಗ್ಲಿಷ್ ಅಕ್ಷರವೇ, ಕಣ್ಣಿಗೆ ತೋರುವುದು ಮಾತ್ರ ಕನ್ನಡದ ಆಕಾರ. ಫಾಂಟು ತೆಗೆದರೆ ವೇಷ ಕಳಚುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇರುತ್ತದೆ.

ಆ ರಾತ್ರಿ ಇನ್ನೊಂದು ವಿಷಯ ಹೊಳೆದು ಬೇಜಾರಾಯಿತು. ಸರ್ಚ್ ಎಂಜಿನ್ನಿಗೂ ಕಾಣುತ್ತಿದ್ದದ್ದು ಆ ಇಂಗ್ಲಿಷ್ ಗೋಜಲೇ ಅಲ್ವಾ? ಅಂದರೆ ಕನ್ನಡದಲ್ಲಿ ಮಿಂಚುಳ್ಳಿ ಅಂತ ಹುಡುಕಿದ ಯಾರಿಗೂ ಇಷ್ಟು ವರ್ಷ ನಮ್ಮ ಲೇಖನ ಸಿಕ್ಕಿರಲು ಸಾಧ್ಯವಿಲ್ಲ.

ಪರಿವರ್ತಕ ತಂತ್ರಾಂಶಗಳಿವೆ, ಉಚಿತವೂ ಇವೆ. ನೂರಕ್ಕೆ ತೊಂಬತ್ತು ಪಾಲು ಸರಿಯಾಗಿ ಮಾಡಿಕೊಟ್ಟಿತು. ಉಳಿದ ಹತ್ತು ಪಾಲು ಜೀವ ತಿಂದಿತು. ಅರ್ಕಾವತ್ತು ಅಲ್ಲಲ್ಲಿ ಪಕ್ಕದ ಅಕ್ಷರಕ್ಕೆ ಹಾರಿ ಕೂರುತ್ತಿತ್ತು. ಅದಕ್ಕಿಂತ ತಮಾಷೆ ಹಕ್ಕಿಗಳ ವೈಜ್ಞಾನಿಕ ಹೆಸರುಗಳದ್ದು. ಅವು ನಿಜವಾಗಿಯೂ ಇಂಗ್ಲಿಷ್ ಅಕ್ಷರಗಳಲ್ಲೇ ಇದ್ದವು. ಪರಿವರ್ತಕಕ್ಕೆ ಯಾವುದು ವೇಷದ ಇಂಗ್ಲಿಷ್, ಯಾವುದು ನಿಜವಾದ ಇಂಗ್ಲಿಷ್ ಅಂತ ತಿಳಿಯುವುದು ಹೇಗೆ? ಎಲ್ಲವನ್ನೂ ಕನ್ನಡ ಮಾಡಿ ಕೈಬಿಟ್ಟಿತು. ಬಾಯಲ್ಲಿ ಹೇಳಲಾಗದ ಒತ್ತಕ್ಷರಗಳ ಮೂಟೆ. ಹಾಗಾಗಿ ಪ್ರತಿ ಲೇಖನವನ್ನೂ ಒಬ್ಬರು ಕೂತು ಓದಲೇಬೇಕಾಯಿತು.

ಸಿಎಂಎಸ್ ನಮ್ಮ ಕೈ ಹಿಡಿದದ್ದು ಇಲ್ಲಿ. ನಾನು ಪರಿವರ್ತಿಸಿ ಡ್ರಾಫ್ಟ್ ಆಗಿ ಇಡುತ್ತಿದ್ದೆ. ನಮ್ಮ ಗುಂಪಿನ ನಿವೃತ್ತ ಮೇಷ್ಟ್ರು ತಮ್ಮ ಮನೆಯಿಂದ ತೆರೆದು ತಿದ್ದುತ್ತಿದ್ದರು. ಇನ್ನೊಬ್ಬ ಗೆಳತಿ ಫೋಟೋ ಸೇರಿಸುತ್ತಿದ್ದಳು. ಒಂದೇ ಪುಟವನ್ನು ಇಬ್ಬರು ತೆರೆದರೆ, ಇನ್ನೊಬ್ಬರು ತಿದ್ದುತ್ತಿದ್ದಾರೆ ಅಂತ ಎಚ್ಚರಿಸುತ್ತದೆ. ಪ್ರತಿ ತಿದ್ದುಪಡಿಯ ಹಳೆಯ ಪ್ರತಿಯೂ ಉಳಿದಿರುತ್ತದೆ. ಒಮ್ಮೆ ಮೇಷ್ಟ್ರು ಗೊತ್ತಾಗದೆ ಅರ್ಧ ಲೇಖನ ಅಳಿಸಿ ಸೇವ್ ಮಾಡಿಬಿಟ್ಟರು. ಗಾಬರಿಯಿಂದ ಫೋನ್ ಮಾಡಿದರು. "ಸರ್, ಬಲಗಡೆ ರಿವಿಷನ್ಸ್ ಅಂತ ಇದೆ ನೋಡಿ, ಅದನ್ನು ಒತ್ತಿ, ಹಿಂದಕ್ಕೆ ಎಳೀರಿ" ಅಂದೆ. ಒಂದು ನಿಮಿಷ ಸದ್ದಿಲ್ಲ. ಆಮೇಲೆ, "ಬಂತಪ್ಪಾ! ಉತ್ತರ ಪತ್ರಿಕೆಗೂ ಇಂಥದ್ದೊಂದು ಇರಬೇಕಿತ್ತು" ಅಂದರು. ಅವತ್ತಿನಿಂದ ಅವರಿಗೆ ಭಯ ಹೋಯಿತು.

ಫೋಟೋ ಏರಿಸುವಾಗ ಇನ್ನೊಂದು ಗೋಡೆ ಎದುರಾಯಿತು. ಕ್ಯಾಮೆರಾದ 8 ಎಂಬಿ ಚಿತ್ರ ಹಾಕಿದರೆ ಮಿತಿ ಮೀರಿದೆ ಅನ್ನುತ್ತದೆ. ಈ ಮಿತಿ ವರ್ಡ್‌ಪ್ರೆಸ್‌ನದಲ್ಲ, ಅದರ ಕೆಳಗೆ ಓಡುವ ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯದು. ಯಾರೂ ಬದಲಾಯಿಸದಿದ್ದರೆ ಅದು 2 ಎಂಬಿಗೆ ನಿಂತಿರುತ್ತದೆ. ಹೋಸ್ಟಿಂಗ್ ಪ್ಯಾನೆಲಿನಲ್ಲಿ ಹೆಚ್ಚಿಸಬಹುದು. ಹೆಚ್ಚಿಸಿದೆ, ಆಮೇಲೆ ಪಶ್ಚಾತ್ತಾಪ ಪಟ್ಟೆ. ಒಂದು ಚಿತ್ರ ಹಾಕಿದರೆ ವರ್ಡ್‌ಪ್ರೆಸ್ ಅದರ ಸಣ್ಣ, ಮಧ್ಯಮ, ದೊಡ್ಡ ಪ್ರತಿಗಳನ್ನು ತಾನೇ ಮಾಡಿಟ್ಟುಕೊಳ್ಳುತ್ತದೆ. ಓದುವವರ ಪರದೆಗೆ ತಕ್ಕದ್ದನ್ನು ಕಳಿಸಲು ಅದು ಒಳ್ಳೆಯದೇ. ಆದರೆ ನಮ್ಮ 1,200 ಚಿತ್ರ ಸಾವಿರಾರು ಫೈಲುಗಳಾಗಿ ಜಾಗವೆಲ್ಲ ನುಂಗಿತು. ಮೊದಲೇ ಕಿರಿದು ಮಾಡಿ ಏರಿಸಿ.

ಕನ್ನಡದಲ್ಲಿ ಬರೆಯುವವರು ಎಡವುವ ಒಂದು ಕಲ್ಲಿದೆ. ಶೀರ್ಷಿಕೆಯನ್ನೇ ತೆಗೆದುಕೊಂಡು ವರ್ಡ್‌ಪ್ರೆಸ್ ಪುಟದ ವಿಳಾಸ ಮಾಡುತ್ತದೆ. ಅದಕ್ಕೆ ಸ್ಲಗ್ ಅಂತ ಹೆಸರು. ಶೀರ್ಷಿಕೆ ಕನ್ನಡದಲ್ಲಿದ್ದರೆ ವಿಳಾಸದೊಳಗೆ ಒಂದೊಂದು ಅಕ್ಷರ ಚಿಹ್ನೆಯೂ ಶೇಕಡ ಗುರುತು, ಅಂಕಿ, ಅಕ್ಷರ ಸೇರಿ ಒಂಬತ್ತು ಸ್ಥಾನ ಹಿಡಿಯುತ್ತದೆ. 'ಕನ್ನಡ' ಅನ್ನುವ ಪದದಲ್ಲಿ ಒತ್ತು ಕೊಡುವ ಹಲಂತವೂ ಲೆಕ್ಕಕ್ಕೆ ಬರುವುದರಿಂದ ಐದು ಚಿಹ್ನೆ, ಅಂದರೆ 45 ಸ್ಥಾನ. ಡೇಟಾಬೇಸಿನಲ್ಲಿ ಸ್ಲಗ್‌ಗೆ ಇರುವ ಜಾಗ 200. ಇಪ್ಪತ್ತೆರಡು ಚಿಹ್ನೆ ಆದ ಕೂಡಲೇ ಕತ್ತರಿ! 'ಮಳೆಗಾಲದಲ್ಲಿ ಕಂಡ ಹಕ್ಕಿಗಳು' ಅನ್ನುವ ಶೀರ್ಷಿಕೆಗೇ 200 ಸ್ಥಾನವೂ ತುಂಬಿಹೋಗುತ್ತದೆ, ಅದರ ಮುಂದೆ ಇನ್ನೊಂದು ಪದ ಇದ್ದರೆ ಅದು ವಿಳಾಸದಲ್ಲಿ ಉಳಿಯುವುದಿಲ್ಲ. ಯಾರಿಗಾದರೂ ಲಿಂಕ್ ಕಳಿಸಿದರೆ ಅರ್ಧ ಪರದೆ ಶೇಕಡ ಗುರುತುಗಳೇ. ನಾವು ಸ್ಲಗ್ಗನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೈಯಾರೆ ಬರೆಯುವುದು ಅಂತ ತೀರ್ಮಾನಿಸಿದೆವು. ಅಷ್ಟು ಹೊತ್ತಿಗೆ 90 ಲೇಖನ ಏರಿಸಿಯಾಗಿತ್ತು. ವಾಪಸ್ ಹೋಗಿ ಒಂದೊಂದನ್ನೇ ಬದಲಾಯಿಸಿದೆ.

ಹನ್ನೆರಡನೇ ವಾರ ಹೆಸರನ್ನು ಹೊಸ ಜಾಗಕ್ಕೆ ತಿರುಗಿಸಿದೆವು. ರಾತ್ರಿ ಹನ್ನೊಂದಕ್ಕೆ ನನಗೆ ಹೊಸ ಸೈಟು ಕಾಣುತ್ತಿದೆ, ಮೇಷ್ಟ್ರಿಗೆ ಹಳೆಯದು. "ಏನೂ ಬದಲಾಗಿಲ್ವಲ್ಲಪ್ಪ" ಅಂತ ಅವರು, "ಆಗಿದೆ ಸರ್" ಅಂತ ನಾನು. ಇಬ್ಬರೂ ಹೇಳಿದ್ದು ನಿಜವೇ. ಈ ಬದಲಾವಣೆ ಎಲ್ಲರಿಗೂ ತಲುಪಲು ಒಂದೆರಡು ದಿನ ಹಿಡಿಯಬಹುದು. ಆ ಹೊತ್ತಿನಲ್ಲಿ ಹಳೆಯ ಜಾಗವನ್ನು ಅಳಿಸಬೇಡಿ.

ಹಳೆಯ ಲಿಂಕುಗಳ ಕೆಲಸ ಮೊದಲೇ ಮಾಡಿಟ್ಟಿದ್ದೆ. 340 ಹಳೆಯ ವಿಳಾಸ ಒಂದು ಕಡೆ, ಹೊಸ ವಿಳಾಸ ಪಕ್ಕದಲ್ಲಿ, ಹೀಗೆ ಒಂದು ಸ್ಪ್ರೆಡ್‌ಶೀಟ್. ಅದನ್ನು ರೀಡೈರೆಕ್ಟ್ ಪ್ಲಗಿನ್ನಿಗೆ, ಅಂದರೆ ವಿಳಾಸ ತಿರುಗಿಸಲು ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಕ್ಕೆ ಕೊಟ್ಟರೆ, ಹಳೆಯ ಲಿಂಕ್ ಒತ್ತಿದವರನ್ನು 301 ಸಂಕೇತದೊಂದಿಗೆ ಹೊಸ ಪುಟಕ್ಕೆ ಕಳಿಸುತ್ತದೆ. ವಿಳಾಸ ಶಾಶ್ವತವಾಗಿ ಬದಲಾಗಿದೆ ಅಂತ ಅದರ ಅರ್ಥ. ಇದೊಂದು ಕೆಲಸ ಚೆನ್ನಾಗಿ ಮಾಡಿದೆ ಅಂತ ನನಗೆ ಹೆಮ್ಮೆ ಇತ್ತು.

ಹೆಮ್ಮೆ ಮೂರು ವಾರ ಇತ್ತು. ಅಷ್ಟರಲ್ಲಿ ಸರ್ಚ್‌ನಲ್ಲಿ ನಮ್ಮ ಸೈಟು ಕಾಣದೇ ಹೋಯಿತು. ಕನ್ನಡದಲ್ಲಿ ಹುಡುಕಿದರೂ ಇಲ್ಲ, ಗುಂಪಿನ ಹೆಸರು ಹಾಕಿದರೂ ಇಲ್ಲ. ಮೊದಲು ಸಮಯ ಹಿಡಿಯುತ್ತದೆ ಅಂದುಕೊಂಡೆ. ಆಮೇಲೆ ರೀಡೈರೆಕ್ಟ್ ಮೇಲೆ ಅನುಮಾನ, ಥೀಮ್ ಮೇಲೆ ಅನುಮಾನ. ಎರಡು ಪ್ಲಗಿನ್ ತೆಗೆದು ಬೇರೆ ಎರಡು ಹಾಕಿದೆ. ಕೊನೆಗೆ ಸಿಕ್ಕಿದ್ದು ಒಂದು ಟಿಕ್ ಗುರುತು. ಸೆಟ್ಟಿಂಗ್ಸ್ ಒಳಗೆ ರೀಡಿಂಗ್ ಅನ್ನುವ ಪುಟದ ಕೊನೆಯಲ್ಲಿ, ಸರ್ಚ್ ಎಂಜಿನ್ನುಗಳು ಈ ಸೈಟನ್ನು ಪಟ್ಟಿಗೆ ಸೇರಿಸದಿರಲಿ ಅನ್ನುವ ಆಯ್ಕೆ ಇದೆ. ಅರ್ಧ ಕಟ್ಟಿದ ಸೈಟು ಯಾರಿಗೂ ಕಾಣುವುದು ಬೇಡ ಅಂತ ಮೊದಲ ದಿನ ನಾನೇ ಅದನ್ನು ಒತ್ತಿದ್ದೆ. ಮರೆತೇಹೋಗಿತ್ತು. ಟಿಕ್ ತೆಗೆದ ಹತ್ತು ದಿನಕ್ಕೆ ಮಿಂಚುಳ್ಳಿಯ ಲೇಖನ ಸರ್ಚ್‌ನಲ್ಲಿ ಕಂಡಿತು. ಸ್ಕ್ರೀನ್‌ಶಾಟ್ ತೆಗೆದು ಎಲ್ಲರಿಗೂ ಕಳಿಸಿದೆ, ಟಿಕ್ ಗುರುತಿನ ವಿಷಯ ಮಾತ್ರ ಹೇಳಲಿಲ್ಲ. ಈಗ ಇಲ್ಲಿ ಓದಿ ತಿಳಿಯಲಿ.

ಆ ನಡುವೆ ಸದಸ್ಯರಿಗೆ ಖಾತೆ ಕೊಡುವ ಕೆಲಸ ನಡೆಯುತ್ತಿತ್ತು. ವರ್ಡ್‌ಪ್ರೆಸ್‌ನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಾತ್ರ ಕೊಡಬಹುದು. ಕಾಂಟ್ರಿಬ್ಯೂಟರ್ ಬರೆದದ್ದನ್ನು ಇನ್ನೊಬ್ಬರು ನೋಡಿ ಪ್ರಕಟಿಸಬೇಕು. ಆಥರ್ ತನ್ನದನ್ನು ತಾನೇ ಪ್ರಕಟಿಸಬಹುದು. ಎಡಿಟರ್ ಎಲ್ಲರ ಬರಹವನ್ನೂ ತಿದ್ದಬಹುದು. ನಾನು ಜಾಣತನ ಮಾಡಿ ಎಲ್ಲರನ್ನೂ ಕಾಂಟ್ರಿಬ್ಯೂಟರ್ ಮಾಡಿದೆ. ಮರುದಿನದಿಂದ ಫೋನೋ ಫೋನು: "ಫೋಟೋ ಹಾಕೋಕೆ ಆಗ್ತಿಲ್ಲ." ಆ ಪಾತ್ರಕ್ಕೆ ಚಿತ್ರ ಏರಿಸುವ ಅನುಮತಿಯೇ ಇಲ್ಲ. ಹಕ್ಕಿ ನೋಡುವವರಿಗೆ ಫೋಟೋ ಹಾಕಬೇಡಿ ಅಂದ ಹಾಗಾಯಿತು! ಎಲ್ಲರನ್ನೂ ಆಥರ್ ಮಾಡಿದೆ, ಮೇಷ್ಟ್ರನ್ನು ಎಡಿಟರ್ ಮಾಡಿದೆ. ಅಡ್ಮಿನ್ ಮಾತ್ರ ಇಬ್ಬರೇ. ಒಬ್ಬರೇ ಇರುವುದೂ ಬೇಡ, ಡೊಮೇನ್ ಕಥೆ ನೆನಪಿರಲಿ.

ಇನ್ನು ಬ್ಯಾಕಪ್. ಹಳೆಯ ಅಭ್ಯಾಸದಂತೆ ನಾನು ಎಫ್‌ಟಿಪಿಯಲ್ಲಿ ಎಲ್ಲ ಫೈಲು ಇಳಿಸಿಕೊಂಡು ನಿಶ್ಚಿಂತೆಯಿಂದ ಇದ್ದೆ. ಒಂದು ದಿನ ಪರೀಕ್ಷೆಗೆ ಅಂತ ಅದನ್ನು ಬೇರೆ ಕಡೆ ಹಾಕಿ ನೋಡಿದರೆ ಥೀಮ್ ಇದೆ, ಚಿತ್ರಗಳಿವೆ, ಒಂದೇ ಒಂದು ಲೇಖನ ಇಲ್ಲ. ಬರಹ ಇರುವುದು ಡೇಟಾಬೇಸಿನಲ್ಲಿ ಅಂತ ಮೇಲೆ ನಾನೇ ಬರೆದಿದ್ದೇನಲ್ಲ, ತಲೆಗೆ ಹೋಗಿದ್ದು ಆವತ್ತು. ಫೈಲುಗಳು, ಡೇಟಾಬೇಸು, ಎರಡನ್ನೂ ತೆಗೆದಿಡಬೇಕು, ಅದೂ ಸೈಟು ಇರುವ ಸರ್ವರಿನ ಹೊರಗೆ. ಈಗ ಒಂದು ಪ್ಲಗಿನ್ ವಾರಕ್ಕೊಮ್ಮೆ ಆ ಕೆಲಸ ಮಾಡುತ್ತದೆ.

ಸಕಾಲಕ್ಕೆ ಮಾಡಿದ್ದು ಒಳ್ಳೆಯದಾಯಿತು. ಹದಿನಾರನೇ ವಾರ ಹನ್ನೊಂದು ಪ್ಲಗಿನ್‌ಗಳಿಗೆ ಅಪ್‌ಡೇಟ್ ಬಂದಿತ್ತು. ಎಲ್ಲವನ್ನೂ ಒಟ್ಟಿಗೆ ಆರಿಸಿ ಒತ್ತಿದೆ. ಸೈಟು ಮಾಯ. ಗಂಭೀರ ದೋಷವಾಗಿದೆ ಅನ್ನುವ ಒಂದೇ ಸಾಲು. ಅಡ್ಮಿನ್ ಪುಟವೂ ತೆರೆಯುತ್ತಿಲ್ಲ. ಕೈ ನಡುಗುತ್ತಿತ್ತು. ಇಂಥ ಹೊತ್ತಿಗೆ ಅಂತಲೇ 2019ರ 5.2 ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲಿ ರಿಕವರಿ ಮೋಡ್ ಇದೆ. ಕೆಟ್ಟ ಪ್ಲಗಿನ್ ಯಾವುದು ಅಂತ ತಿಳಿಸಿ, ಒಳಗೆ ಹೋಗಲು ಒಂದು ಲಿಂಕನ್ನು ಅಡ್ಮಿನ್ ಇಮೇಲಿಗೆ ಕಳಿಸುತ್ತದೆ. ನನ್ನದು ಸ್ಪ್ಯಾಮ್‌ಗೆ ಹೋಗಿ ಬಿದ್ದಿತ್ತು, ಮರುದಿನ ನೋಡಿದೆ. ಆ ರಾತ್ರಿ ದಾರಿ ತೋರಿಸಿದ್ದು ಹಳೆಯ ಗೆಳೆಯ. "ಎಫ್‌ಟಿಪಿ ತೆಗಿಯೋ, ಪ್ಲಗಿನ್ಸ್ ಅನ್ನೋ ಫೋಲ್ಡರ್ ಹೆಸರು ಬದಲಾಯಿಸು" ಅಂದ. ಹೆಸರು ಬದಲಾದರೆ ವರ್ಡ್‌ಪ್ರೆಸ್‌ಗೆ ಯಾವ ಪ್ಲಗಿನ್ನೂ ಸಿಗುವುದಿಲ್ಲ, ಎಲ್ಲವೂ ತಾವಾಗಿ ನಿಲ್ಲುತ್ತವೆ. ಸೈಟು ಎದ್ದು ಕೂತಿತು. ಹೆಸರು ಮೊದಲಿನಂತೆ ಮಾಡಿ, ಒಂದೊಂದೇ ಚಾಲೂ ಮಾಡುತ್ತಾ ಹೋದೆ. ಏಳನೆಯದು ಕಳ್ಳ. ಗ್ಯಾಲರಿ ತೋರಿಸುವ ಒಂದು ಪ್ಲಗಿನ್, ಅದಿಲ್ಲದೆಯೂ ನಡೆಯುತ್ತಿತ್ತು. ಹದಿನೆಂಟು ಇದ್ದವನ್ನು ಆಮೇಲೆ ಏಳಕ್ಕೆ ಇಳಿಸಿದ್ದೇನೆ. ಅಪ್‌ಡೇಟ್ ಈಗ ಒಂದೊಂದೇ, ಅದೂ ಬ್ಯಾಕಪ್ ಆದ ಮೇಲೆ.

ಹೋದ ಶುಕ್ರವಾರ ರಾತ್ರಿ ಜೋರು ಮಳೆ. ಶನಿವಾರದ ನಡಿಗೆ ಮುಂದೆ ಹಾಕಬೇಕು ಅಂತ ಗುಂಪಿನಲ್ಲಿ ಮಾತಾಯಿತು. ಬೆಳಗ್ಗೆ ಎದ್ದು ತಿದ್ದೋಣ ಅಂತ ಮಲಗಿದೆ. ಆರಕ್ಕೆ ತೆರೆದು ನೋಡಿದರೆ ಪುಟದಲ್ಲಿ ಆಗಲೇ ಭಾನುವಾರ ಅಂತ ಇದೆ. ರಿವಿಷನ್ಸ್ ತೆಗೆದೆ. 5:40ಕ್ಕೆ ಮೇಷ್ಟ್ರು ಬದಲಾಯಿಸಿದ್ದಾರೆ. ಎರಡೇ ತಿದ್ದುಪಡಿ. ಒಂದು ದಿನ. ಇನ್ನೊಂದು, ಕೆಳಗಿನ ಸಾಲಿನಲ್ಲಿ ನಾನು 'ಮಿಂಚುಳಿ' ಅಂತ ಬರೆದಿದ್ದಕ್ಕೆ ಒತ್ತು ಕೊಟ್ಟಿದ್ದಾರೆ.